ಡಾಕ್ಟರಬಾಯಿಯ ಸಂಜೆಯ ಮಾತು

ಹೋದ ವಾರ ಮುದ್ದೇಬಿಹಾಳಕ್ಕೆ ಹೋಗಬೇಕಾಗಿ ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಕುಳಿತಿದ್ದೆ. ಬಸ್ಸು ಹೊರಡುವ ಲಕ್ಷಣ ಕಾಣುತ್ತಿರಲಿಲ್ಲ. ಡ್ರೈವರ್ ಚಹಾದ ಅಂಗಡಿಯ ಮುಂದೆ ಯಾರ ಜೊತೆಗೋ ಮಾತಿಗೆ ನಿಂತಿದ್ದ. ಅಷ್ಟರಲ್ಲಿ ಅಂಕಲಿಪಿ ಮಾರುವವನೊಬ್ಬ ಒಳಗೆ ಬಂದ. ಇವರ ಪದ್ಧತಿ ನೀವೂ ನೋಡಿರಬೇಕು. ಬೇಕೋ ಬೇಡವೋ ಎಂದು ಕೇಳುವುದೇ ಇಲ್ಲ. ಎಲ್ಲರ ತೊಡೆಯ ಮೇಲೆ ಒಂದೊಂದು ಪುಸ್ತಕ ಇಡುತ್ತ ಹಿಂದಿನ ಸೀಟಿನ ತನಕ ಹೋಗಿ, ಬರುವಾಗ ಬೇಡವೆಂದವರಿಂದ ತಿರುಗಿ ಎತ್ತಿಕೊಳ್ಳುತ್ತ ಬರುತ್ತಾರೆ. ನನ್ನ ತೊಡೆಯ ಮೇಲೂ ಒಂದು ಬಿತ್ತು. “ಮೊಮ್ಮಕ್ಕಳಿಗೆ ತಗೋರಿ ಆಯಿ,” ಅಂದ. ನನ್ನ ಮೊಮ್ಮಕ್ಕಳು ಅಂಕಲಿಪಿ ಹರಿದು ಹಾಕಿ ಕಾಲೇಜಿಗೆ ಹೋಗುವವರಾಗಿದ್ದಾರೆ. ಆದರೂ ಪುಸ್ತಕ ತೆರೆದೆ. ಅಗ್ಗದ ಮಸಿಯ ವಾಸನೆ ಮೂಗಿಗೆ ಬಡಿಯಿತು. ಒಂದು ಪುಟದಲ್ಲಿ ಮನೆ, ಗಿಡ, ಚಂದ್ರ ಇದ್ದವು. ನನ್ನ ಬಾಯಿಂದ ತಾನಾಗಿಯೇ ಹೊರಟಿತು: ಹಾಯ್ಸ್, ಬೋಮ್, ಮಾನ್.

ಪಕ್ಕದಲ್ಲಿದ್ದ ಹುಡುಗಿ, “ಏನಂದ್ರಿ ಆಯಿ?” ಎಂದು ಕೇಳಿದಳು. “ಏನಿಲ್ಲವಾ, ಡಚ್ ಭಾಷಾ,” ಅಂದೆ. ಅವಳು ಒಂದಿಷ್ಟು ಆಚೆ ಸರಿದು ಕುಳಿತಳು. ಅವಳದೇನೂ ತಪ್ಪಿಲ್ಲ.

ನಾನು ಮುದ್ದೇಬಿಹಾಳದ ಕಡೆಯವಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಸೊಲ್ಲಾಪುರದಲ್ಲಿ ನರ್ಸಿನ ತರಬೇತಿ ಮುಗಿಸಿ, ಸಿಂದಗಿಯಲ್ಲಿ ಕೆಲಸಕ್ಕೆ ನಿಂತವಳು. ನನಗೆ ಡಚ್ ಬರುತ್ತದೆ ಎಂದರೆ ನಮ್ಮ ಮನೆಯವರೇ ನಗುತ್ತಾರೆ. ಬರುತ್ತದೆ, ಆದರೆ ನಾಲ್ಕು ವರ್ಷದ ಕೂಸಿಗೆ ಬರುವಷ್ಟು. ಬೆಕ್ಕು ಗಿಡ ಹತ್ತಿತು, ಅಜ್ಜಿ ಗಂಜಿ ಕಾಸಿದಳು, ಗಾಳಿ ಬೀಸಿ ಕೊಡೆ ಹಾರಿತು. ಇಷ್ಟರ ಆಚೆ ನನ್ನ ಡಚ್ ದಾಟುವುದಿಲ್ಲ. ಆ ದೇಶದ ಸಂತೆಯಲ್ಲಿ ನನ್ನನ್ನು ಬಿಟ್ಟರೆ ಉಳ್ಳಾಗಡ್ಡಿಯ ದರ ಕೇಳಲು ಬಾರದು. ಆದರೆ ಯಾವುದಾದರೂ ಬಾತುಕೋಳಿ ಮರಿ ಮನೆಯ ದಾರಿ ತಪ್ಪಿ ನಿಂತಿದ್ದರೆ ಅದರ ಜೊತೆ ಸುಖದುಃಖ ಮಾತನಾಡಬಲ್ಲೆ.

ಇದು ಹೇಗಾಯಿತೆಂದು ಹೇಳಬೇಕಾದರೆ ಡಾಕ್ಟರಬಾಯಿಯವರ ಬಗ್ಗೆ ಹೇಳಬೇಕು. ಅವರು ಹಾಲೆಂಡಿನವರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಸಿಂದಗಿಗೆ ಬಂದು, ಮಣ್ಣಿನ ಮಾಳಿಗೆಯ ಒಂದು ಹಳೆಯ ಮನೆ ಹಿಡಿದು, ಹೆಂಗಸರ ದವಾಖಾನೆ ತೆರೆದವರು. ಮದುವೆಯಾಗಲಿಲ್ಲ. ಎತ್ತರದ ಆಳು, ಕೆಂಪು ಮುಖ, ಕಾಲಲ್ಲಿ ನಮ್ಮೂರಿನ ಸಮಗಾರ ಹೊಲಿದ ಗಂಡಸರ ಚಪ್ಪಲಿ. ಅವರು ಕನ್ನಡ ಕಲಿತದ್ದು ಬಾಣಂತಿಯರಿಂದ, ಅವರ ಅತ್ತೆಯಂದಿರಿಂದ. ಹೀಗಾಗಿ ಅವರಿಗೆ ಬರುತ್ತಿದ್ದುದು ಸಿಂದಗಿಯ ಕನ್ನಡ. ಹೊಲದಿಂದ ತಡಮಾಡಿ ಬಂದ ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿ, “ಹೆಂಡತಿ ಇಲ್ಲಿ ಸಾಯಾಕತ್ತಾಳ, ನೀ ಎತ್ತಿನ ಮೈ ತೊಳ್ಯಾಕ ಹೋಗಿದ್ದೇನ?” ಎಂದು ಅವರು ಬೈದದ್ದನ್ನು ನಾನೇ ಕೇಳಿದ್ದೇನೆ. ಅವನು ನಂತರ ಊರ ತುಂಬ, “ನನಗ ಬೈದರು, ನಮ್ಮವ್ವ ಬೈದಂಗ ಬೈದರು,” ಎಂದು ಖುಷಿಯಿಂದ ಹೇಳಿಕೊಂಡು ತಿರುಗಿದ.

ದವಾಖಾನೆಯಲ್ಲಿ ನಾವು ಮೂರೇ ಜನ: ಡಾಕ್ಟರಬಾಯಿ, ನಾನು, ಆಯಾ ಕೆಲಸದ ಖತೀಜಾಬಿ. ಖತೀಜಾಬಿ ನನಗಿಂತ ಹಿರಿಯಳು. ಅವಳ ಮನೆತನದವರು ಸಿಂದಗಿಯಲ್ಲಿ ಎಷ್ಟು ತಲೆಮಾರಿನಿಂದ ಇದ್ದರೋ ಅವಳಿಗೇ ಗೊತ್ತಿರಲಿಲ್ಲ. ಊರಿನ ಹಿರಿಯರಾದ ಶಿವಪ್ಪಗೌಡರು ಆಗಾಗ ಬಂದು ಪಡಸಾಲೆಯ ಕಟ್ಟೆಯ ಮೇಲೆ ಕುಳಿತು ಡಾಕ್ಟರಬಾಯಿಯವರ ದೇಶದ ಸುದ್ದಿ ಕೇಳುತ್ತಿದ್ದರು. ಅಲ್ಲಿ ನೆಲ ಕೆಳಗೆ, ಸಮುದ್ರ ಮೇಲೆ, ಒಡ್ಡು ಹಾಕಿ ಸಮುದ್ರವನ್ನು ತಡೆದಿದ್ದಾರೆ ಎಂದು ಅವರು ಹೇಳಿದರೆ ಗೌಡರು ಒಪ್ಪುತ್ತಲೇ ಇರಲಿಲ್ಲ. “ನಾವು ಹೊಲದ ಒಡ್ಡ ವರ್ಷಾ ಕಟ್ಟತೇವಿ, ವರ್ಷಾ ಒಡೀತೈತಿ. ಸಮುದ್ರಕ್ಕ ಒಡ್ಡ ಅಂತ! ಬಾಯಾರ, ನನ್ನ ಮುಂದ ಹೇಳಿದ್ರಿ, ಮತ್ತ ಯಾರ ಮುಂದೂ ಹೇಳಬ್ಯಾಡ್ರಿ,” ಎನ್ನುತ್ತಿದ್ದರು. ಗೌಡರ ಇಬ್ಬರು ಮಕ್ಕಳೂ ಡಾಕ್ಟರಬಾಯಿಯವರ ಕೈಯಲ್ಲಿಯೇ ಹುಟ್ಟಿದವರು. ಊರಲ್ಲಿ ಆ ವಯಸ್ಸಿನ ಮಕ್ಕಳಲ್ಲಿ ಮುಕ್ಕಾಲು ಪಾಲು ಹಾಗೆ ಹುಟ್ಟಿದವರೇ.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಬೆಳಿಗ್ಗೆ ಡಾಕ್ಟರಬಾಯಿ ಕೈ ತೊಳೆಯುತ್ತಿದ್ದವರು ಹಾಗೆಯೇ ಕುಸಿದುಬಿದ್ದರು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋದವು. ವಿಜಾಪುರದಿಂದ ದೊಡ್ಡ ಡಾಕ್ಟರು ಬಂದು ನೋಡಿ, ಜೀವಕ್ಕೆ ಸದ್ಯ ಭಯವಿಲ್ಲ ಎಂದರು. ಎರಡು ವಾರ ಅವರು ಮಾತನಾಡಲೇ ಇಲ್ಲ. ಆಮೇಲೆ ಒಂದು ದಿನ ಬಾಯಿ ತೆರೆದರು. ಮಾತು ಸರಾಗವಾಗಿಯೇ ಬಂತು, ಆದರೆ ಅದು ಕನ್ನಡವಲ್ಲ, ಇಂಗ್ಲಿಷೂ ಅಲ್ಲ. ಅವರ ತಾಯಿಯ ಭಾಷೆ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹೋಗಿಬಿಟ್ಟಿತ್ತು. ನಾನು ಕನ್ನಡದಲ್ಲಿ, “ಬಾಯಾರ, ನೀರು ಕುಡೀತೀರೇನ್ರಿ?” ಎಂದರೆ ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಆ ನೋಟ ನನಗೆ ತಾಳಲಾಗುತ್ತಿರಲಿಲ್ಲ. ವರ್ಷಗಟ್ಟಲೆ ನನಗೆ ಕೆಲಸ ಕಲಿಸಿದ, ಬೈದ, ನನ್ನ ಜೊತೆ ಒಂದೇ ಗಂಗಾಳದ ಮುಂದೆ ಕುಳಿತು ರೊಟ್ಟಿ ಮುರಿದ ಮನುಷ್ಯಳು ನನ್ನ ಮಾತನ್ನು ಗುರುತಿಸುತ್ತಿರಲಿಲ್ಲ.

ಅವರ ಈ ಹೊಸ ಮಾತಿನಲ್ಲಿ ಒಂದು ಮಾತ್ರ ದಿನವೂ ತಪ್ಪದೆ ಬರುತ್ತಿತ್ತು. ಆಗ ಸಿಂದಗಿಯಲ್ಲಿ ನಮ್ಮ ಓಣಿಗೆ ವಿದ್ಯುತ್ತು ಬಂದಿರಲಿಲ್ಲ. ಹೊತ್ತು ಮುಳುಗಿದಾಗ ನಾನು ಕಂದೀಲು ಹಚ್ಚಿ ಅವರ ಕೋಣೆಯ ಗೂಡಿನಲ್ಲಿ ಇಡುತ್ತಿದ್ದೆ. ದೀಪ ಬಂದ ಕೂಡಲೇ ಅವರು ಅದರ ಕಡೆಗೆ ಮುಖ ತಿರುಗಿಸಿ, ಎಡಗೈ ಎದೆಯ ಮೇಲೆ ಇಟ್ಟುಕೊಂಡು, ಮೆಲ್ಲಗೆ ಅದೇ ಮಾತನ್ನು ಹೇಳುತ್ತಿದ್ದರು. ಮತ್ತೆ ಮತ್ತೆ ಹೇಳುತ್ತಿದ್ದರು. ಕಣ್ಣಲ್ಲಿ ನೀರು ಬರುತ್ತಿತ್ತು. ದೀಪ ಹಚ್ಚಿದಾಗ ಕೈ ಮುಗಿಯುವುದು ನಮ್ಮ ಮನೆಗಳಲ್ಲಿ ಹುಟ್ಟಿನಿಂದ ಬಂದ ಅಭ್ಯಾಸ. ನಾನು ಕೈ ಮುಗಿದು ನಿಂತೆ. ಖತೀಜಾಬಿ ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಳು. ಡಾಕ್ಟರಬಾಯಿ ಸಂಜೆಯ ಪ್ರಾರ್ಥನೆ ಮಾಡುತ್ತಾರೆಂಬ ಸುದ್ದಿ ಎರಡು ದಿನದಲ್ಲಿ ಊರಿಗೆಲ್ಲ ಹಬ್ಬಿತು. ಹೆಂಗಸರು ಕೂಸುಗಳನ್ನು ಕಟ್ಟಿಕೊಂಡು ಆ ಹೊತ್ತಿಗೆ ಬರತೊಡಗಿದರು. ಕೋಣೆಯಲ್ಲಿ ಹಿಡಿಸದವರು ಪಡಸಾಲೆಯಲ್ಲಿ ನಿಲ್ಲುತ್ತಿದ್ದರು. ಎಲ್ಲರದೂ ತಲೆ ಬಗ್ಗಿರುತ್ತಿತ್ತು. “ನಮ್ಮ ಸಲುವಾಗಿ ಬೇಡಕೊಳ್ಳಾಕತ್ತಾರ,” ಎಂದು ಗೌಡರು ಹೇಳಿದರು. ಅದನ್ನು ಅನುಮಾನಿಸುವ ಯೋಚನೆ ಯಾರಿಗೂ ಬರಲಿಲ್ಲ. ಪ್ರಾರ್ಥನೆಯ ಮಾತನ್ನು ಯಾರು ಬಿಡಿಸಿ ಕೇಳುತ್ತಾರೆ ಹೇಳಿ?

ಪುಸ್ತಕಗಳ ವಿಚಾರಕ್ಕೆ ಬರುತ್ತೇನೆ. ಡಾಕ್ಟರಬಾಯಿಯವರ ಕಪಾಟಿನ ಕೆಳಗಿನ ಹಲಗೆಯ ಮೇಲೆ ಅವರು ಚಿಕ್ಕವರಿದ್ದಾಗಿನ ಚಿತ್ರದ ಪುಸ್ತಕಗಳಿದ್ದವು. ತಾಯಂದಿರ ಜೊತೆ ಬಂದ ಮಕ್ಕಳು ಅತ್ತರೆ ಅವನ್ನು ಕೊಟ್ಟು ಸುಮ್ಮನಿರಿಸುತ್ತಿದ್ದೆವು. ಮೂಲೆಗಳೆಲ್ಲ ಮಕ್ಕಳ ಜೊಲ್ಲಿನಿಂದ ಮೆತ್ತಗಾಗಿದ್ದವು. ಒಂದು ಮಧ್ಯಾಹ್ನ ಡಾಕ್ಟರಬಾಯಿ ಏನನ್ನೋ ಕೇಳುತ್ತಿದ್ದರು. ನೀರು ಕೊಟ್ಟೆ, ಬೇಡ. ಬೀಸಣಿಕೆ ಹಿಡಿದೆ, ಬೇಡ. ದಿಂಬು ಸರಿಸಿದೆ, ಬೇಡ. ಕೊನೆಗೆ ಅವರೂ ಅತ್ತರು, ನಾನೂ ಅತ್ತೆ. ಅತ್ತ ಮಕ್ಕಳಿಗೆ ಮಾಡುತ್ತಿದ್ದುದನ್ನೇ ಮಾಡಿದೆ. ಪುಸ್ತಕ ತಂದು ಎದುರಿಗೆ ತೆರೆದೆ. ಅವರು ಅಳು ನಿಲ್ಲಿಸಿ ಎಡಗೈ ಬೆರಳನ್ನು ಒಂದು ಚಿತ್ರದ ಮೇಲೆ ಇಟ್ಟರು. ಕಿಟಕಿಯ ಚಿತ್ರ. ಹೆಸರು ಹೇಳಿದರು. ನಾನು ಎದ್ದು ಕಿಟಕಿ ತೆರೆದೆ. ಅವರು ಇಷ್ಟು ದಿನದಲ್ಲಿ ಮೊದಲ ಬಾರಿಗೆ ನಕ್ಕರು.

ಅವತ್ತಿನಿಂದ ನನ್ನ ಸಾಲಿ ಶುರುವಾಯಿತು. ಮೂವತ್ತರ ಹೆಂಗಸು, ತುರುಬು ಕಟ್ಟಿಕೊಂಡು, ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಬೆಕ್ಕು ನಾಯಿ ಎಂದು ಬಾಯಿಪಾಠ ಮಾಡಿದೆ. ನರ್ಸಿನ ತರಬೇತಿಯಲ್ಲಿ ಇಂಗ್ಲಿಷ್ ಅಕ್ಷರ ಕಲಿತಿದ್ದರಿಂದ ಓದಲು ಹೇಗೋ ಬರುತ್ತಿತ್ತು. ಉಚ್ಚಾರ ಮಾತ್ರ ದೇವರಿಗೇ ಪ್ರೀತಿ. ಆ ಭಾಷೆಯಲ್ಲಿ ಗಂಟಲಿನ ಆಳದಿಂದ ತೆಗೆಯುವ ಒಂದು ಸದ್ದು ಇದೆ. ನಾನು ಅದನ್ನು ತೆಗೆಯಲು ಹೋದರೆ ಕೆಮ್ಮು ಬರುತ್ತಿತ್ತು. ನೆಲ ಒರೆಸುತ್ತಿದ್ದ ಖತೀಜಾಬಿ ಒಂದು ದಿನ ತಡೆಯಲಾರದೆ, “ಅದೇನ ಅಷ್ಟು ತ್ರಾಸ ತಗೋತಿ ತಂಗೀ, ಖುದಾ ಅನ್ನೂವಾಗಿನ ಖ ಅದು,” ಎಂದು ಆ ಶಬ್ದವನ್ನು ಹೇಳಿಯೇಬಿಟ್ಟಳು. ಡಾಕ್ಟರಬಾಯಿ ತಲೆ ಎತ್ತಿ, “ಖೂತ್!” ಅಂದರು. ಚಲೋ ಆಯಿತು ಎಂದರ್ಥ. ನನಗೆ ಆ ಮಾತು ಸಿಗಲು ಇನ್ನೂ ಎಂಟು ದಿನ ಬೇಕಾಯಿತು. ಖತೀಜಾಬಿ ಆ ಎಂಟು ದಿನವೂ ನನ್ನ ಕಡೆ ನೋಡಿ ಇಲ್ಲದ ಮೀಸೆ ತಿರುವಿದಳು.

ಚಿಕ್ಕ ಮಕ್ಕಳ ಪುಸ್ತಕದಿಂದ ಭಾಷೆ ಕಲಿಯುವುದರಲ್ಲಿ ಒಂದು ಸುಖವಿದೆ. ಅದರೊಳಗೆ ಬರುವುದೆಲ್ಲ ಮನುಷ್ಯನಿಗೆ ನಿಜವಾಗಿ ಬೇಕಾದದ್ದೇ. ಹಸಿವು, ನಿದ್ದೆ, ಚಳಿ, ಅವ್ವ. ಒಂದು ಪುಸ್ತಕದಲ್ಲಿ ತಾಯಿ ಗಂಜಿ ಬಡಿಸುತ್ತಾಳೆ, ಸುತ್ತ ಕುಳಿತ ಮಕ್ಕಳೆಲ್ಲ ತಟ್ಟೆ ಮುಂದೆ ಮಾಡಿ, “ಇಕ್ ಓಕ್, ಇಕ್ ಓಕ್,” ನನಗೂ, ನನಗೂ ಎಂದು ಕೂಗುತ್ತಾರೆ. ಖತೀಜಾಬಿ ಅದನ್ನು ಕಲಿತುಬಿಟ್ಟಳು. ನಾನು ಚಹಾ ಸೋಸಿದರೆ ಅಡುಗೆಮನೆಯ ಬಾಗಿಲಿನಿಂದ “ಇಕ್ ಓಕ್” ಎಂದು ಕೂಗುತ್ತಿದ್ದಳು. ನೀರು, ಬಿಸಿಲು, ನೋವು, ಸಾಕು ಇವೆಲ್ಲ ಬಂದ ಮೇಲೆ ಡಾಕ್ಟರಬಾಯಿಯವರ ಆರೈಕೆ ಸುಲಭವಾಯಿತು. ನಾನು ಕಲಿತದ್ದು ಅದಕ್ಕಾಗಿಯೇ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಒಳಗೊಂದು ಆಸೆ ಇತ್ತು. ಒಂದು ದಿನ ಅವರು ಊರಿನ ಬಗ್ಗೆ, ನನ್ನ ಬಗ್ಗೆ ಏನಾದರೂ ಹೇಳಿಯಾರು, ಅದು ನನಗೆ ತಿಳಿದೀತು ಎಂದು.

ಈ ನಡುವೆ ಹಾಲೆಂಡಿನಲ್ಲಿದ್ದ ಅವರ ತಂಗಿಯಿಂದ ಇಂಗ್ಲಿಷಿನಲ್ಲಿ ಕಾಗದ ಬಂತು. ಅಕ್ಕನಿಗೆ ಏನು ಬೇಕಾಗಿದೆ ಕೇಳಿ ತಿಳಿಸಿರಿ, ಬರುವ ಮನಸ್ಸಿದ್ದರೆ ನನ್ನ ಗಂಡ ಮುಂಬಯಿಯವರೆಗೆ ಬಂದು ಕರೆದುಕೊಂಡು ಹೋಗುತ್ತಾನೆ ಎಂದಿತ್ತು. ಪಡಸಾಲೆಯಲ್ಲಿ ಹಿರಿಯರು ಕೂಡಿದರು. ಮಾತು ಬಹಳ ನಡೆಯಲಿಲ್ಲ. “ಆಕಿ ನಮ್ಮಾಕಿ. ಇಲ್ಲೇ ಇರ್ತಾರ, ಇಲ್ಲೇ ಮಣ್ಣಾಗತಾರ. ನನ್ನ ಹೊಲದಾಗ ಬೇವಿನ ಗಿಡದ ಬುಡಕ ಜಾಗಾ ನೋಡಿಟ್ಟೇನಿ,” ಎಂದರು ಗೌಡರು. ಅವರ ಕಣ್ಣು ತುಂಬಿತ್ತು. ಎಲ್ಲರೂ ಹೌದೆಂದರು. ನಾನೂ ಹೌದೆಂದೆ. ಹಾಗೆಯೇ ಬರೆಸಿ ಕಳಿಸಲಾಯಿತು. ಇಂಥ ಪ್ರೀತಿ ಎಷ್ಟು ಜನರಿಗೆ ಸಿಕ್ಕೀತು ಎಂದು ನನಗೆ ಹೆಮ್ಮೆಯಾಯಿತು.

ಅದಾದ ಮೇಲೆ ಒಂದು ಮಧ್ಯಾಹ್ನ ಕಪಾಟಿನ ಹಿಂದೆ ಬಿದ್ದಿದ್ದ ಒಂದು ಪುಸ್ತಕ ಸಿಕ್ಕಿತು. ನಾನು ಆಗಲೇ ಹೇಳಿದ ಬಾತುಕೋಳಿ ಮರಿ ಇದರೊಳಗಿನದು. ಮರಿ ತಾಯಿಯ ಹಿಂದೆ ಹೋಗುವಾಗ ಒಂದು ಕಪ್ಪೆಯ ಬೆನ್ನು ಹತ್ತಿ ದಾರಿ ತಪ್ಪುತ್ತದೆ. ಊರೂರು ತಿರುಗುತ್ತದೆ. ಹೋದಲ್ಲೆಲ್ಲ ಜನ ಅದಕ್ಕೆ ಕಾಳು ಹಾಕುತ್ತಾರೆ, ಹುಲ್ಲಿನ ಹಾಸಿಗೆ ಮಾಡುತ್ತಾರೆ. ಕೊನೆಗೆ ಒಂದು ಪುಟದಲ್ಲಿ ಕತ್ತಲಾಗಿದೆ, ದೂರದ ಕಿಟಕಿಯಲ್ಲಿ ದೀಪ ಉರಿಯುತ್ತಿದೆ, ಮರಿ ದೀಪದ ಕಡೆಗೆ ಮುಖ ಮಾಡಿ ನಿಂತಿದೆ. ಕೆಳಗೆ ಒಂದು ಸಾಲು. ನಾನು ಬೆರಳಿಟ್ಟು ಒಂದೊಂದೇ ಶಬ್ದ ಕೂಡಿಸಿ ಗಟ್ಟಿಯಾಗಿ ಓದಿದೆ: “ಇಕ್ ವಿಲ್ ನಾರ್ ಹಾಯ್ಸ್.” ನಾನು ಮನೆಗೆ ಹೋಗಬೇಕು.

ಓದಿ ಮುಗಿಸುವುದರೊಳಗೆ ನನ್ನ ಕೈ ನಿಂತುಬಿಟ್ಟಿತು. ಈ ಮಾತು ನಾನು ದಿನವೂ ಕೇಳಿದ್ದೆ. ದಿನವೂ ಕಂದೀಲು ಹಚ್ಚಿ, ಕೈ ಮುಗಿದು, ತಲೆ ಬಗ್ಗಿಸಿ ಕೇಳಿದ್ದೆ. ತಲೆ ಎತ್ತಿ ನೋಡಿದೆ. ಡಾಕ್ಟರಬಾಯಿ ನನ್ನ ಮುಂಗೈ ಹಿಡಿದುಕೊಂಡರು. ಎಡಗೈಯಲ್ಲಿ ಅಷ್ಟು ಬಲವಿದೆ ಎಂದು ನನಗೆ ಗೊತ್ತಿರಲಿಲ್ಲ. “ಇಕ್ ಓಕ್,” ಎಂದರು. ನಾನೂ. ತಟ್ಟೆ ಮುಂದೆ ಮಾಡಿದ ಮಕ್ಕಳ ಮಾತಿನಲ್ಲಿ, “ನಾನೂ, ನಾನೂ,” ಎಂದರು.

ನಿಮಗೆ ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಇಲ್ಲಿ ಬಾಳಿ, ಈ ಊರಿನ ಅನ್ನ ಉಂಡು, ಮನೆ ಎಂದರೆ ಅದೇ ಏನು? ನಾವು ಯಾರು ಹಾಗಾದರೆ? ಆಮೇಲೆ ನಾಚಿಕೆಯಾಯಿತು. ಆಮೇಲೆ ಬರೀ ದುಃಖವಾಯಿತು. ಈ ಮಾತು ತಿಳಿದವಳು ಊರಿನಲ್ಲಿ ನಾನೊಬ್ಬಳೇ. ಖತೀಜಾಬಿ ನನ್ನ ಮುಖ ನೋಡಿ, “ಏನಾತು?” ಎಂದಳು. ಹೇಳಿದೆ. ಅವಳು ಕಸಬರಿಗೆಯನ್ನು ಗೋಡೆಗೆ ಆನಿಸಿಟ್ಟಳು. “ಗೌಡ್ರಿಗೆ ಯಾವಾಗ ಹೇಳತಿ?” ಎಂದಳು. ಹೇಳಬೇಕೋ ಬೇಡವೋ ಎಂದು ಅವಳು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಗೌಡರು ನನ್ನ ಮಾತು ನಂಬಲಿಲ್ಲ. “ನೀ ಕೂಸಿನ ಪುಸ್ತಕಾ ಓದಿ ಕಲ್ತಾಕಿ ತಂಗೀ. ಪ್ರಾರ್ಥನಾದ ಮಾತು ನಿನಗೆಲ್ಲಿ ತಿಳೀಬೇಕು?”

“ಪ್ರಾರ್ಥನಾ ಅಲ್ರಿ ಅದು, ಗೌಡ್ರ.”

“ಊರ ಮಂದಿಗೆ ಏನ ಹೇಳಲಿ ನಾ? ಆಕಿಗೆ ನಾವು ಬ್ಯಾಡಾದಿವಿ ಅಂತ ಹೇಳಲ್ಯಾ?”

“ಸಂಜಿ ಮುಂದ ಬರ್ರಿ. ನೀವ ನೋಡ್ರಿ.”

ಸಂಜೆಗೆ ಬಂದರು. ಎಂದಿನಂತೆ ಹೆಂಗಸರೂ ಬಂದರು. ನಾನು ಕಂದೀಲು ಹಚ್ಚಿ ಗೂಡಿನಲ್ಲಿ ಇಡಲಿಲ್ಲ. ಅದನ್ನು ಮಂಚದ ಹತ್ತಿರ ಹಿಡಿದು ಪುಸ್ತಕದ ಆ ಪುಟ ತೆರೆದೆ. ಗೌಡರು ಬಗ್ಗಿ ಚಿತ್ರ ನೋಡಿದರು. ಕತ್ತಲು, ಕಿಟಕಿ, ದೀಪ, ಹೊರಗೆ ನಿಂತ ಮರಿ. “ಈ ಹಕ್ಕಿ ಏನ ಅಂತೈತಿ?” ಎಂದು ಕೇಳಿದರು. “ಮನಿಗೆ ಹೋಗಬೇಕು ಅನ್ನಾಕತ್ತೈತ್ರಿ,” ಎಂದೆ. ನಾನು ಆ ಸಾಲು ಓದುವ ಮೊದಲೇ ಡಾಕ್ಟರಬಾಯಿ ಓದಿದರು. ಪುಸ್ತಕ ನೋಡಿ ಓದಲಿಲ್ಲ. ಗೌಡರ ಮುಖ ನೋಡಿ, ಎಡಗೈ ಎದೆಯ ಮೇಲೆ ಇಟ್ಟುಕೊಂಡು ಹೇಳಿದರು. ದಿನವೂ ಹೇಳಿದಂತೆಯೇ ಹೇಳಿದರು.

ಕೋಣೆಯಲ್ಲಿ ಯಾರೂ ಕೈ ಮುಗಿಯಲಿಲ್ಲ. ಗೌಡರು ತಲೆಯ ರುಮಾಲು ತೆಗೆದು ಮಡಿಲಲ್ಲಿ ಇಟ್ಟುಕೊಂಡು ನೆಲದ ಮೇಲೆ ಕುಳಿತುಬಿಟ್ಟರು. “ಬಿಡ್ರಪ್ಪಾ ಬಿಡ್ರಿ ಅಂತ ಬೇಡಕೊಳ್ಳಾಕತ್ತಿದ್ದರು,” ಎಂದರು. “ನಾವ ಕೈ ಮುಗದ ನಿಂತಿದ್ದಿವಿ.” ಮರುದಿನ ಮುಂಜಾನೆ ಅವರೇ ಖುದ್ದು ವಿಜಾಪುರಕ್ಕೆ ಹೋಗಿ ಹಾಲೆಂಡಿಗೆ ತಂತಿ ಕೊಟ್ಟು ಬಂದರು.

ಹೊರಡುವ ದಿನದ ಮಾತು ಬಹಳ ಹೇಳಲಾರೆ. ಇಂಡಿ ರೋಡ್ ಸ್ಟೇಷನ್ನಿನವರೆಗೆ ಹೋಗಲು ಮೋಟಾರು ಬಂದು ನಿಂತಿತ್ತು. ಅಲ್ಲಿಂದ ಸೊಲ್ಲಾಪುರ, ಮುಂಬಯಿ, ಹಡಗು. ಗೌಡರೂ ನಾನೂ ಮುಂಬಯಿಯವರೆಗೆ ಜೊತೆಗಿರುವುದೆಂದು ನಿಶ್ಚಯವಾಗಿತ್ತು. ಆಗ ಹೆಂಗಸರು ಹಟ ಹಿಡಿದರು, ಮಗಳನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ, ಉಡಿ ತುಂಬಬೇಕೆಂದು. ಒಬ್ಬ ಮುದುಕಿ, “ಮದಿವಿ ಆಗಲಾರದಾಕಿಗೆ ಹೆಂಗ ತುಂಬತೀರಿ?” ಎಂದು ಗೊಣಗಿದಳು. “ಆಕಿ ಹಡದಿಲ್ಲೇನು? ಈ ಊರ ಹುಡುಗರು ಮತ್ತ ಯಾರು?” ಎಂದಳು ಖತೀಜಾಬಿ. ಕುಬಸದ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಐದು ಬೊಗಸೆ ಅಕ್ಕಿ. ಅವರ ಮಡಿಲಿನಲ್ಲಿ ಹಾಸಿದ ಟಾವೆಲ್ಲಿನಲ್ಲಿ ಎಲ್ಲವನ್ನೂ ತುಂಬಿದರು. ತವರಿನಿಂದ ಹೊರಡುವ ಮಗಳು ತನ್ನ ಉಡಿಯಿಂದ ಒಂದು ಹಿಡಿ ಅಕ್ಕಿಯನ್ನು ಮನೆಗೇ ತಿರುಗಿ ಕೊಟ್ಟು ಹೋಗುವುದು ನಮ್ಮಲ್ಲಿನ ರೂಢಿ, ತವರು ಬರಿದಾಗಬಾರದೆಂದು. ಅದನ್ನು ಅವರಿಗೆ ಹೇಳುವಷ್ಟು ಡಚ್ ನನಗೆ ಬರುತ್ತಿರಲಿಲ್ಲ. ಹೇಳಬೇಕಾಗಲೂ ಇಲ್ಲ. ಬಾಣಂತಿಯರನ್ನು ಆ ಬಾಗಿಲಿನಿಂದ ಎಷ್ಟು ಸಲ ಬೀಳ್ಕೊಟ್ಟವರೋ ಅವರು. ಎಡಗೈಯಿಂದ ಒಂದು ಹಿಡಿ ಅಕ್ಕಿ ತೆಗೆದು, ಒಂದು ಕಾಳೂ ಚೆಲ್ಲದಂತೆ, ನನ್ನ ಸೆರಗಿಗೆ ಹಾಕಿದರು. ಅಷ್ಟು ಹೊತ್ತು ತಡೆದುಕೊಂಡಿದ್ದ ಗೌಡರು ಮೋಟಾರಿನ ಹಿಂದೆ ಹೋಗಿ ಅತ್ತರು.

ಅವರು ಊರು ಮುಟ್ಟಿದರು, ತಾವು ಹುಟ್ಟಿದ ಮನೆಯಲ್ಲಿಯೇ ಒಂದು ಚಳಿಗಾಲ ಕಳೆದು ತೀರಿಕೊಂಡರು ಎಂಬ ಸುದ್ದಿ ಬಂತು. ದವಾಖಾನೆಗೆ ಬೇರೆ ಡಾಕ್ಟರು ಬಂದರು. ನನಗೆ ಮದುವೆಯಾಯಿತು. ಆದರೂ ಅಲ್ಲಿಯ ಕೆಲಸ ಬಿಡಲಿಲ್ಲ. ಅರವತ್ತರ ದಶಕ ಮುಗಿಯಲು ಬಂದಾಗ, ಒಂದು ದಿನ ಎತ್ತರದ, ಕೆಂಪು ಮುಖದ ಹುಡುಗಿಯೊಬ್ಬಳು ಪಡಸಾಲೆಯಲ್ಲಿ ಬಂದು ನಿಂತಳು. ನನ್ನ ಎದೆ ಒಮ್ಮೆ ಹಾರಿತು. ಅವಳು ಡಾಕ್ಟರಬಾಯಿಯವರ ತಂಗಿಯ ಮಗಳು. ದೊಡ್ಡಮ್ಮ ಇದ್ದ ಊರು ನೋಡಲು ಬಂದಿದ್ದಳು.

ನಾನು ಧೈರ್ಯ ಮಾಡಿ ಅವಳ ಭಾಷೆಯಲ್ಲಿ ಮಾತನಾಡಿದೆ. “ಬಾ, ಕೂಡು, ಬಿಸಿಲು ಬಹಳ, ಹಾಲು ಕುಡಿಯುತ್ತೀಯಾ ಚಿಕ್ಕವಳೇ?” ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಕ್ಕವಳು ಅತ್ತಳು. ತನ್ನ ಅಜ್ಜಿಯ ಮನೆಯ ಹಳೆಯ ಪುಸ್ತಕವೇ ಎದ್ದು ಬಂದು ಮಾತನಾಡಿದಂತಾಯಿತು ಎಂದಳು. ಆಮೇಲೆ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ನನ್ನ ಕೂಸಿನ ಡಚ್ಚಿನಲ್ಲಿ ಅವಳು ತಾನು ಬಂದ ನಿಜವಾದ ಕಾರಣ ಹೇಳಿದಳು. ದೊಡ್ಡಮ್ಮನಿಗೆ ಕಡೆಯ ದಿನಗಳಲ್ಲಿ ಡಚ್ ಹೋಗಿಬಿಟ್ಟಿತು. ಬೇರೆ ಯಾವುದೋ ಭಾಷೆಯಲ್ಲಿ ಒಂದೇ ಮಾತನ್ನು ಹೇಳುತ್ತಿದ್ದಳು. ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ನೋವಿನಿಂದ ಕೂಗುತ್ತಾಳೆಂದು ತಿಳಿದು ಔಷಧಿ ಕೊಟ್ಟೆವು. ಅವಳು ಏನು ಬೇಡಿದಳು, ನಾವು ಏನು ಕೊಡಲಿಲ್ಲ ಎಂದು ಅವ್ವ ಇವತ್ತಿಗೂ ಕೊರಗುತ್ತಾಳೆ. ಆ ಸದ್ದನ್ನು ನಾನು ಕೇಳಿ ಕೇಳಿ ನೆನಪಿಟ್ಟುಕೊಂಡಿದ್ದೇನೆ. ನಿನಗೆ ತಿಳಿಯುತ್ತದೆಯೇ ನೋಡು ಎಂದು ಕಣ್ಣು ಮುಚ್ಚಿ ಹೇಳಿದಳು:

“ಆತು ನನ್ನವ್ವಾ, ಆತು. ಇನ್ನೊಂದೀಟ. ಇನ್ನೊಂದೀಟ ತಡಕೋ.”

ಒಳಗೆ ಪಾತ್ರೆ ತೊಳೆಯುತ್ತಿದ್ದ ಖತೀಜಾಬಿ ಒದ್ದೆ ಕೈಯಲ್ಲಿಯೇ ಓಡಿಬಂದಳು. “ಯಾ ಅಲ್ಲಾ, ಬಾಯಾರು!” ಎಂದಳು. ಹೆರಿಗೆಯ ನೋವು ತಿನ್ನುವ ಪ್ರತಿಯೊಬ್ಬ ಹೆಂಗಸಿಗೂ, ತಲೆಯ ಮೇಲೆ ಕೈ ಇಟ್ಟು, ಡಾಕ್ಟರಬಾಯಿ ಹೇಳುತ್ತಿದ್ದ ಮಾತು ಅದು. ನಾನು, ಖತೀಜಾಬಿ ಅದನ್ನು ಕೇಳದ ವಾರವಿರಲಿಲ್ಲ.

ಹುಡುಗಿಗೆ ಇದನ್ನು ತಿಳಿಸಬೇಕು. ಹೆರಿಗೆಗೆ ಡಚ್ಚಿನಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ, ಮಕ್ಕಳ ಪುಸ್ತಕದಲ್ಲಿ ಅದು ಎಲ್ಲಿ ಬರಬೇಕು? ಗಡಿಬಿಡಿಯಲ್ಲಿ ಇಂಗ್ಲಿಷಿನ ಶಬ್ದವೂ ನೆನಪಾಗಲಿಲ್ಲ. ಕುರಿ ಎಂಬ ಶಬ್ದ ಗೊತ್ತಿತ್ತು. “ಸ್ಖಾಪ್,” ಎಂದೆ. “ತಾಯಿ ಕುರಿ. ಸಣ್ಣ ಕುರಿ ಬರುತ್ತದೆ. ತಾಯಿ ಅಳುತ್ತಾಳೆ. ದೊಡ್ಡಮ್ಮ ಹೇಳುತ್ತಾಳೆ, ಅಳಬೇಡ, ಸ್ವಲ್ಪ, ಇನ್ನು ಸ್ವಲ್ಪ.” ಅವಳು ನನ್ನನ್ನೇ ನೋಡುತ್ತ ಕುಳಿತಳು. ಅರ್ಥವಾದದ್ದು ಅವಳ ಮುಖದಲ್ಲಿ ಕಂಡಿತು. “ಹಾಗಾದರೆ ಅವಳು ಏನನ್ನೂ ಬೇಡಲಿಲ್ಲವೇ?” ಎಂದು ಕೇಳಿದಳು. ಇಲ್ಲ ಎಂದೆ. “ಆಗ ನನ್ನ ಅವ್ವ ಮಂಚದ ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡು ಅಳುತ್ತಿದ್ದಳು. ಬಹಳ ಅಳುತ್ತಿದ್ದಳು,” ಎಂದಳು. “ಅವ್ವನಿಗೇ ಹೇಳುತ್ತಿದ್ದಳು,” ಎಂದಳು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಅವತ್ತು ಸಂಜೆಯವರೆಗೂ ಅವಳು ಆ ಮಾತು ಕಲಿತಳು. ಊರಿಗೆ ಹೋಗಿ ಅವ್ವನಿಗೆ ಸರಿಯಾಗಿ ಹೇಳಬೇಕಲ್ಲ. ನಾನು ಒಂದೊಂದೇ ಶಬ್ದ ಬಿಡಿಸಿ ಹೇಳಿಕೊಟ್ಟೆ, ಖತೀಜಾಬಿ ತಪ್ಪು ತಿದ್ದಿದಳು. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ನಮ್ಮಿಬ್ಬರಿಗೂ ಅದನ್ನು ಒಪ್ಪಿಸಿದಳು. ಸಿಂದಗಿಯ ಕನ್ನಡವೇ, ಒಂದು ಎಳ್ಳಷ್ಟೂ ತಪ್ಪಿರಲಿಲ್ಲ.

ಈಗ ನನಗೂ ವಯಸ್ಸಾಗಿದೆ. ಬಾಗೇವಾಡಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಮೊನ್ನೆ ಮುದ್ದೇಬಿಹಾಳದಿಂದ ತಿರುಗಿ ಬಂದ ಸಂಜೆ ಸೊಸೆಗೆ ಹೇಳಿದೆ, “ನೋಡವ್ವಾ, ನಾಳೆ ನಾ ಹಾಸಿಗಿ ಹಿಡದಾಗ ತಿಳೀಲಾರದ್ದು ಏನರ ಅಂದರ, ಕೈ ಮುಗದ ನಿಂದರಬ್ಯಾಡ್ರಿ. ಬಾಜೂಕ ಕುಂದರ್ರಿ. ಕೇಳ್ರಿ.” ಅವಳು ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. “ಇವತ್ಯಾಕ ಹಿಂಗ ಮಾತಾಡಾಕತ್ತೀರಿ ಅತ್ತೀ?” ಎಂದಳು. ನನ್ನ ಕಣ್ಣು ತುಂಬಿತ್ತು. ಅವಳು ಪರಾತವನ್ನು ಬದಿಗೆ ಸರಿಸಿ, ಹಿಟ್ಟಿನ ಕೈಯಲ್ಲಿಯೇ ಬಂದು ನನ್ನ ಪಕ್ಕದಲ್ಲಿ ಕುಳಿತಳು.